ಪುಕ್ಕಟೆ ಸಿಗುವ ಹಾಡಿಗೆ ನೂರು ಡಾಲರ್: ನಿಪ್ಸಿ ಹಸಲ್ ಅವರ ‘ಕ್ರೆನ್ಷಾ’ ಮಾರಾಟದ ಒಂದು ಪ್ರಕರಣ ಅಧ್ಯಯನ

2013ರ ಅಕ್ಟೋಬರ್ 8ರಂದು ಲಾಸ್ ಏಂಜಲೀಸ್‌ನ ರ‍್ಯಾಪರ್ ನಿಪ್ಸಿ ಹಸಲ್ ‘ಕ್ರೆನ್ಷಾ’ ಎಂಬ ಮಿಕ್ಸ್‌ಟೇಪನ್ನು, ಅಂದರೆ ಅಧಿಕೃತ ಆಲ್ಬಮ್ಮಿನ ಹೊರಗೆ ಕಲಾವಿದನೇ ಹಂಚುವ ಹಾಡುಗಳ ಗುಚ್ಛವನ್ನು, ಹೊರತಂದರು. ಅಂತರ್ಜಾಲದಲ್ಲಿ ಅದನ್ನು ಯಾರು ಬೇಕಾದರೂ ಬಿಡಿಗಾಸು ಕೊಡದೆ ಇಳಿಸಿಕೊಳ್ಳಬಹುದಿತ್ತು. ಅದೇ ಹಾಡುಗಳ ಸಿ.ಡಿ.ಯನ್ನು ಒಂದು ಸಾವಿರ ಪ್ರತಿ ಮಾತ್ರ ಮಾಡಿಸಿ, ಪ್ರತಿಯೊಂದಕ್ಕೆ 100 ಡಾಲರ್ ಬೆಲೆ ಕಟ್ಟಿ, ಊರಿನಲ್ಲಿ ತಾತ್ಕಾಲಿಕವಾಗಿ ತೆರೆದ ಅಂಗಡಿಯೊಂದರಲ್ಲಿ ಅವರು ಮಾರಾಟಕ್ಕಿಟ್ಟರು. ಆಗಿನ ವಿನಿಮಯ ದರದಲ್ಲಿ ಅದು ಆರು ಸಾವಿರ ರೂಪಾಯಿಗಿಂತ ಹೆಚ್ಚು. ಅಮೆರಿಕದಲ್ಲಿ ಒಂದು ಪೂರ್ಣ ಆಲ್ಬಮ್ಮಿನ ವಾಡಿಕೆಯ ಬೆಲೆ ಹತ್ತು ಡಾಲರಿನ ಆಸುಪಾಸಿನಲ್ಲಿದ್ದ ಕಾಲವದು. ಒಂದು ದಿನ ತುಂಬುವುದರೊಳಗೆ ಸಾವಿರ ಪ್ರತಿಯೂ ಮಾರಾಟವಾದವು. ಅವುಗಳಲ್ಲಿ ನೂರನ್ನು ಕೊಂಡವರು ನ್ಯೂಯಾರ್ಕಿನ ಹಿರಿಯ ರ‍್ಯಾಪರ್ ಜೇ-ಝೀ.

ಈ ಘಟನೆಯನ್ನು ಬೆಲೆ ನಿಗದಿಯ ಚಮತ್ಕಾರವೆಂದು ಹೇಳುವುದು ರೂಢಿಯಾಗಿದೆ. ಆ ಓದು ತಪ್ಪಲ್ಲವಾದರೂ ಅಪೂರ್ಣ ಎಂಬುದು ಈ ಬರಹದ ವಾದ. ಒಂದು ಲಕ್ಷ ಡಾಲರ್ ದೊಡ್ಡ ಮೊತ್ತವೇ, ಆದರೆ ಅಮೆರಿಕದ ಸಂಗೀತೋದ್ಯಮದ ಲೆಕ್ಕದಲ್ಲಿ ಅದೊಂದು ಸಾಧಾರಣ ವಿಡಿಯೋ ಚಿತ್ರೀಕರಣದ ಖರ್ಚಿಗೂ ಸಾಲದಿರಬಹುದು. ನಿಪ್ಸಿಗೆ ಆ ದಿನ ದಕ್ಕಿದ್ದು ಹಣಕ್ಕಿಂತ ಮುಖ್ಯವಾಗಿ ಒಂದು ಎಣಿಕೆ: ತಮ್ಮ ಕೇಳುಗರಲ್ಲಿ ಎಂಥ ಸಂದರ್ಭದಲ್ಲೂ ಜೊತೆಗಿರುವವರು ಎಷ್ಟು ಮಂದಿ, ಮತ್ತು ಆ ಮಂದಿ ಯಾರ ಲೆಕ್ಕದ ಪುಸ್ತಕದಲ್ಲಿದ್ದಾರೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ.

ಹಿನ್ನೆಲೆ

ನಿಪ್ಸಿ ಹಸಲ್ ಎಂಬುದು ವೇದಿಕೆಯ ಹೆಸರು. ಹಾಸ್ಯನಟ ನಿಪ್ಸಿ ರಸೆಲ್ ಅವರ ಹೆಸರನ್ನು ತಿರುಚಿ ಗೆಳೆಯರೊಬ್ಬರು ಇಟ್ಟದ್ದು. ಹುಟ್ಟುಹೆಸರು ಅರ್ಮಿಯಾಸ್ ಜೋಸೆಫ್ ಆಸ್ಗೆಡಮ್. ಅವರು ಹುಟ್ಟಿದ್ದು 1985ರ ಆಗಸ್ಟ್ 15ರಂದು, ಲಾಸ್ ಏಂಜಲೀಸ್‌ನಲ್ಲಿ. ತಂದೆ ಆಫ್ರಿಕಾದ ಎರಿಟ್ರಿಯಾದಿಂದ ಬಂದು ನೆಲೆಸಿದವರು, ತಾಯಿ ಆಫ್ರಿಕನ್-ಅಮೆರಿಕನ್. ಬೆಳೆದದ್ದು ನಗರದ ದಕ್ಷಿಣ ಭಾಗದ ಕ್ರೆನ್ಷಾ ಪ್ರದೇಶದಲ್ಲಿ. ಹರೆಯದಲ್ಲಿ ಅಲ್ಲಿನ ರೋಲಿನ್ ಸಿಕ್ಸ್‌ಟೀಸ್ ಎಂಬ ಗುಂಪಿಗೆ, ಅಂದರೆ ಕ್ರಿಪ್ಸ್ ಎಂಬ ಬೀದಿ ಗ್ಯಾಂಗಿನ ಒಂದು ಶಾಖೆಗೆ, ಸೇರಿದ್ದನ್ನು ಅವರು ಎಂದೂ ಮುಚ್ಚಿಟ್ಟವರಲ್ಲ. 2004ರಲ್ಲಿ ತಂದೆಯೊಡನೆ ಎರಿಟ್ರಿಯಾಗೆ ಹೋಗಿ ಮೂರು ತಿಂಗಳು ಕಳೆದದ್ದು ತಮ್ಮ ದೃಷ್ಟಿಯನ್ನೇ ಬದಲಿಸಿತೆಂದು ಮುಂದೆ ಹಲವು ಸಂದರ್ಶನಗಳಲ್ಲಿ ಹೇಳಿಕೊಂಡರು.

ಅವರ ಆರಂಭದ ದಿನಗಳ ಎಲ್ಲ ಕಥನಗಳಲ್ಲೂ ತಪ್ಪದೆ ಬರುವ ಒಂದು ಜಾಗವಿದೆ. ಸ್ಲಾಸನ್ ಮತ್ತು ಕ್ರೆನ್ಷಾ ರಸ್ತೆಗಳು ಕೂಡುವ ವೃತ್ತದ ಪಕ್ಕದ ಸಣ್ಣ ಅಂಗಡಿ ಸಾಲು, ಅದರ ಮುಂದಿನ ಕಾರು ನಿಲ್ಲಿಸುವ ಬಯಲು. ಅಣ್ಣ ಸ್ಯಾಮಿಯಲ್ ಜೊತೆಗೂಡಿ ನಿಪ್ಸಿ ಅಲ್ಲಿಯೇ ಸಿ.ಡಿ.ಗಳನ್ನೂ ಟೀ ಶರ್ಟುಗಳನ್ನೂ ಕೈಯಲ್ಲಿ ಹಿಡಿದು ಮಾರುತ್ತಿದ್ದರು. 2005ರಲ್ಲಿ ಬಂದ ಮೊದಲ ಮಿಕ್ಸ್‌ಟೇಪಿಗೆ ‘ಸ್ಲಾಸನ್ ಬಾಯ್’ ಎಂಬ ಹೆಸರಿಟ್ಟದ್ದೂ ಆ ರಸ್ತೆಯ ಗುರುತಿನಿಂದಲೇ. ಈ ಜಾಗ ಈ ಪ್ರಕರಣದಲ್ಲಿ ಮತ್ತೆ ಮತ್ತೆ ಬರುತ್ತದೆ; ಬೆಲೆಗಿಂತ ಅದರ ಪಾತ್ರವೇ ದೊಡ್ಡದು ಎಂದು ನನಗನ್ನಿಸುತ್ತದೆ.

ಕಂಪನಿಯ ಒಳಗೆ, ಕಂಪನಿಯ ಹೊರಗೆ

‘ಬುಲೆಟ್ಸ್ ಏಂಟ್ ಗಾಟ್ ನೋ ನೇಮ್’ ಸರಣಿಯ ಮಿಕ್ಸ್‌ಟೇಪುಗಳು ಹೆಸರು ತಂದಾಗ ನಿಪ್ಸಿ ಎಪಿಕ್ ರೆಕಾರ್ಡ್ಸ್ ಎಂಬ ದೊಡ್ಡ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡರು. 2010ರಲ್ಲಿ ಎಕ್ಸ್‌ಎಕ್ಸ್‌ಎಲ್ ಪತ್ರಿಕೆ ಪ್ರತಿವರ್ಷ ಪ್ರಕಟಿಸುವ ಹೊಸಬರ ಪಟ್ಟಿಯಲ್ಲಿ ಜೆ. ಕೋಲ್, ಬಿಗ್ ಶಾನ್, ವಿಜ್ ಖಲೀಫಾ, ಫ್ರೆಡ್ಡಿ ಗಿಬ್ಸ್, ಜೇ ರಾಕ್ ಮುಂತಾದವರ ಸಾಲಿನಲ್ಲಿ ಅವರ ಹೆಸರೂ ಬಂತು. ಆದರೆ ‘ಸೌತ್ ಸೆಂಟ್ರಲ್ ಸ್ಟೇಟ್ ಆಫ್ ಮೈಂಡ್’ ಎಂಬ ಹೆಸರು ಇಟ್ಟುಕೊಂಡಿದ್ದ ಚೊಚ್ಚಲ ಆಲ್ಬಂ ಹೊರಬರಲೇ ಇಲ್ಲ. ಕಂಪನಿಯ ಮೇಲಧಿಕಾರಿಗಳು ಬದಲಾದರು, ಆದ್ಯತೆಗಳು ಬದಲಾದವು, ಅದೇ ವರ್ಷ ಒಪ್ಪಂದ ಮುಗಿಯಿತು.

ಇಲ್ಲಿ ಒಪ್ಪಂದದ ಒಳವ್ಯವಹಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ದೊಡ್ಡ ಕಂಪನಿ ಕಲಾವಿದನಿಗೆ ಕೊಡುವ ಮುಂಗಡ ಉಡುಗೊರೆಯಲ್ಲ. ಅದು ಮುಂದೆ ಬರಬೇಕಾದ ಗೌರವಧನದಲ್ಲಿ (ರಾಯಲ್ಟಿ) ಮುರಿದುಕೊಳ್ಳುವ ಹಣ. ಧ್ವನಿಮುದ್ರಣದ ಖರ್ಚನ್ನೂ, ಹಲವು ಸಂದರ್ಭಗಳಲ್ಲಿ ವಿಡಿಯೋ ಮತ್ತು ಪ್ರಚಾರದ ಖರ್ಚಿನ ಪಾಲನ್ನೂ ಕಲಾವಿದನ ಲೆಕ್ಕಕ್ಕೇ ಬರೆಯುತ್ತಾರೆ. ಆ ಬಾಕಿಯೆಲ್ಲ ತೀರುವ ತನಕ ಮಾರಾಟದಿಂದ ಅವನ ಕೈಗೆ ಗೌರವಧನ ಬರುವುದಿಲ್ಲ. ಬಾಕಿ ತೀರಿದ ಮೇಲೂ ಮಾಸ್ಟರ್, ಅಂದರೆ ಮೂಲ ಧ್ವನಿಮುದ್ರಿಕೆಯ ಒಡೆತನ, ಕಂಪನಿಯ ಬಳಿಯೇ ಉಳಿಯುವುದು ವಾಡಿಕೆ. ಕನ್ನಡ ಚಿತ್ರಗಳ ಆಡಿಯೋ ಹಕ್ಕಿನ ಮಾರಾಟವನ್ನು ಬಲ್ಲ ಓದುಗರಿಗೆ ಇದು ತೀರ ಅಪರಿಚಿತ ವ್ಯವಹಾರವಲ್ಲ. ಸಾಲ ತೀರಿಸಿದವನಿಗೆ ಮನೆ ಸಿಗದೆ, ಸಾಲ ಕೊಟ್ಟವನಲ್ಲೇ ಮನೆ ಉಳಿಯುವಂಥ ವ್ಯವಸ್ಥೆ ಅದು.

ಹೊರಬಂದ ನಿಪ್ಸಿ ‘ಆಲ್ ಮನಿ ಇನ್’ ಎಂಬ ಸ್ವಂತ ಲೇಬಲ್ ಕಟ್ಟಿ, 2010ರ ಡಿಸೆಂಬರ್ 21ರಂದು ‘ದ ಮ್ಯಾರಥಾನ್’ ಮಿಕ್ಸ್‌ಟೇಪನ್ನೂ ಮರುವರ್ಷ ಅದರ ಮುಂದುವರಿಕೆಯನ್ನೂ ಉಚಿತವಾಗಿ ಹಂಚಿದರು. ಮಿಕ್ಸ್‌ಟೇಪ್ ಎಂಬ ಪದ್ಧತಿಯ ಆರ್ಥಿಕತೆಯೇ ಹಾಗಿತ್ತು. ಡ್ಯಾಟ್‌ಪಿಫ್‌ನಂಥ ತಾಣಗಳ ಮೂಲಕ ಹಾಡನ್ನು ಪುಕ್ಕಟೆ ಕೊಟ್ಟು ಹೆಸರು ಗಳಿಸುವುದು, ಹೆಸರನ್ನು ವೇದಿಕೆಯ ಕಾರ್ಯಕ್ರಮಗಳಲ್ಲಿ ಹಣವಾಗಿಸುವುದು, ಕೊನೆಗೆ ಆ ಹೆಸರನ್ನೇ ತೋರಿಸಿ ಕಂಪನಿಯ ಒಪ್ಪಂದ ಪಡೆಯುವುದು. ನಿಪ್ಸಿ ಆ ಕೊನೆಯ ಮೆಟ್ಟಿಲನ್ನು ಒಮ್ಮೆ ಹತ್ತಿ ಇಳಿದು ಬಂದವರು. ಹಾಗಾಗಿ ಪುಕ್ಕಟೆ ಹಂಚುವುದರ ಕೊನೆಯ ಗುರಿ ಏನು ಎಂಬ ಪ್ರಶ್ನೆ ಅವರಿಗೆ ಬೇರೆಯವರಿಗಿಂತ ಬೇಗ ಎದುರಾಯಿತು.

ಮಾರುಕಟ್ಟೆಯ ಹವಾಮಾನವೂ ಆ ಪ್ರಶ್ನೆಯನ್ನು ತುರ್ತಾಗಿಸಿತ್ತು. ಅಮೆರಿಕದ ಧ್ವನಿಮುದ್ರಿತ ಸಂಗೀತದ ಒಟ್ಟು ಆದಾಯ 1999ರಲ್ಲಿ ಸುಮಾರು 14.6 ಶತಕೋಟಿ ಡಾಲರ್ ಇದ್ದದ್ದು 2013ರ ಹೊತ್ತಿಗೆ ಅದರ ಅರ್ಧದಷ್ಟಕ್ಕೆ ಕುಸಿದಿತ್ತು. ಸ್ಪಾಟಿಫೈ ಅಲ್ಲಿಗೆ ಕಾಲಿಟ್ಟು ಎರಡು ವರ್ಷವಾಗಿತ್ತಷ್ಟೆ. ಸಿ.ಡಿ. ಸಾಯುತ್ತಿತ್ತು, ಅದರ ಜಾಗಕ್ಕೆ ಬರಬೇಕಾದದ್ದು ಇನ್ನೂ ಗಟ್ಟಿಯಾಗಿರಲಿಲ್ಲ.

ಮಾರಾಟದ ರಚನೆ

ನೂರು ಡಾಲರಿನ ಯೋಚನೆ ಬಂದದ್ದು ಒಂದು ಪುಸ್ತಕದಿಂದ ಎಂದು ನಿಪ್ಸಿ ಸ್ವತಃ ಹೇಳಿಕೊಂಡಿದ್ದಾರೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಾರ್ಟನ್ ಶಾಲೆಯ ಪ್ರಾಧ್ಯಾಪಕ ಜೋನಾ ಬರ್ಗರ್ 2013ರಲ್ಲಿ ಪ್ರಕಟಿಸಿದ ‘ಕಂಟೇಜಿಯಸ್’ ಎಂಬ ಆ ಪುಸ್ತಕದಲ್ಲಿ ಫಿಲಡೆಲ್ಫಿಯಾದ ಬಾರ್ಕ್ಲೇ ಪ್ರೈಮ್ ಎಂಬ ಹೋಟೆಲಿನ ಉದಾಹರಣೆಯಿದೆ. ಆ ಊರಿನ ಬೀದಿಬದಿಯಲ್ಲಿ ಕೆಲವೇ ಡಾಲರಿಗೆ ಸಿಗುವ ಚೀಸ್‌ಸ್ಟೇಕ್ ತಿಂಡಿಗೆ ಈ ಹೋಟೆಲು ಉತ್ತಮ ಸಾಮಗ್ರಿಗಳನ್ನು ಬಳಸಿ ನೂರು ಡಾಲರ್ ಬೆಲೆಯಿಟ್ಟಿತು. ತಿಂದವರೂ ಅದರ ಮಾತಾಡಿದರು, ತಿನ್ನದವರು ಇನ್ನೂ ಹೆಚ್ಚು ಮಾತಾಡಿದರು. ನಿಪ್ಸಿ ಈ ತಂತ್ರವನ್ನು ಎತ್ತಿಕೊಂಡರು, ಆದರೆ ಅದರಲ್ಲೊಂದು ಮುಖ್ಯ ಬದಲಾವಣೆಯನ್ನೂ ಮಾಡಿದರು. ಹೋಟೆಲಿನವರು ಸಾಮಗ್ರಿಯ ಗುಣಮಟ್ಟ ಏರಿಸಿ ಬೆಲೆಗೆ ಸಮರ್ಥನೆ ಕೊಟ್ಟಿದ್ದರು. ನಿಪ್ಸಿ ಮಾರಿದ ಸಿ.ಡಿ.ಯಲ್ಲಿ ಇದ್ದ ಹಾಡುಗಳೇ ಪುಕ್ಕಟೆ ಸಿಗುತ್ತಿದ್ದವು. ಕೊಂಡವರಿಗಾಗಿಯೇ ಒಂದು ಕಾರ್ಯಕ್ರಮ ಎಂಬ ಭರವಸೆಯೊಂದನ್ನು ಬಿಟ್ಟರೆ, ಖರೀದಿಗೆ ಕೇಳುವಿಕೆಯ ಕಾರಣವೇ ಉಳಿದಿರಲಿಲ್ಲ.

ಅಭಿಯಾನಕ್ಕೆ ಅವರಿಟ್ಟ ಹೆಸರಿನ ಅರ್ಥ ‘ಹೆಮ್ಮೆಯಿಂದ ಕೊಡುತ್ತೇನೆ’ ಎಂದು. ಹೆಸರು ಸುಮ್ಮನೆ ಇಟ್ಟದ್ದಲ್ಲ. ಹಾಡು ಕೇಳಲು ಹಣ ಬೇಡ, ಹಾಡಿದವನು ತನ್ನ ಕಾಲ ಮೇಲೆ ನಿಲ್ಲಲೆಂದು ಬೇಕಾದರೆ ಕೊಡಿ ಎಂಬ ಈ ವಿಂಗಡಣೆಯಿಂದ ಎರಡು ಕೆಲಸಗಳು ಒಟ್ಟಿಗೆ ಆದವು. ಹಣವಿಲ್ಲದ ಕೇಳುಗ, ಅಂದರೆ ಕ್ರೆನ್ಷಾ ರಸ್ತೆಯ ಹುಡುಗ, ಹೊರಗುಳಿಯಲಿಲ್ಲ. ಹಾಡುಗಳು ಅವನ ಫೋನಿಗೂ ಅದೇ ದಿನ ತಲುಪಿದವು. ಹಣ ಕೊಟ್ಟವನಿಗೆ ತಾನು ಮೋಸಹೋದೆ ಎನ್ನಿಸಲಿಲ್ಲ, ಏಕೆಂದರೆ ಅವನು ಕೊಂಡದ್ದು ಹಾಡನ್ನಲ್ಲ ಎಂಬುದು ಅವನಿಗೆ ಮೊದಲೇ ಗೊತ್ತಿತ್ತು. ನಮ್ಮ ಕಡೆ ಊರಿನ ನಾಟಕಕ್ಕೋ ಬಯಲಾಟಕ್ಕೋ ಆಟ ಪುಕ್ಕಟೆಯಾಗಿಯೇ ನಡೆದು, ನಡುವೆ ಕಲಾವಿದನಿಗೆ ಮುಯ್ಯಿ ಮಾಡಿ ಹೆಸರು ಕೂಗಿಸಿಕೊಳ್ಳುವವರು ಬೇರೆ ಇರುತ್ತಾರಲ್ಲ, ಸ್ವಭಾವದಲ್ಲಿ ಅದಕ್ಕೆ ಹತ್ತಿರದ ವ್ಯವಹಾರವಿದು.

ಲೆಕ್ಕವನ್ನೂ ನೋಡೋಣ. ಸಾವಿರ ಪ್ರತಿಗೆ ನೂರರಂತೆ ಬಂದದ್ದು 1,00,000 ಡಾಲರ್. ಹತ್ತು ಡಾಲರಿನ ಆಲ್ಬಂ ಮಾರಿ, ಮಧ್ಯದಲ್ಲಿ ಯಾರಿಗೂ ಬಿಡಿಗಾಸು ಕೊಡದಿದ್ದರೂ ಇಷ್ಟು ಹಣ ಬರಲು ಹತ್ತು ಸಾವಿರ ಪ್ರತಿ ಹೋಗಬೇಕು. ಅಂಗಡಿ, ವಿತರಕ, ಕಂಪನಿಗಳ ಪಾಲು ಕಳೆದರೆ ಅದರ ಹಲವು ಪಟ್ಟು. ಜೇ-ಝೀ ಅವರ ಖರೀದಿಯೊಂದೇ ಹತ್ತು ಸಾವಿರ ಡಾಲರ್, ಅಂದರೆ ಒಟ್ಟಿನ ಹತ್ತನೇ ಒಂದು ಭಾಗ. ಇದನ್ನು ಮರೆತು ಉಳಿದ ಮಾರಾಟವನ್ನು ಹೊಗಳುವುದು ಸರಿಯಲ್ಲ. ಆ ಖರೀದಿಯ ಸುದ್ದಿಮೌಲ್ಯ ಅದರ ಹಣದ ಮೌಲ್ಯಕ್ಕಿಂತ ಬಹಳ ದೊಡ್ಡದಾಗಿತ್ತು.

ಅದೇ ವರ್ಷದ ಜುಲೈನಲ್ಲಿ ಜೇ-ಝೀ ತಮ್ಮದೇ ಆಲ್ಬಮ್ಮಿನ ಹತ್ತು ಲಕ್ಷ ಪ್ರತಿಗಳನ್ನು ತಲಾ 5 ಡಾಲರಿನಂತೆ ಸ್ಯಾಮ್‌ಸಂಗ್ ಕಂಪನಿಗೆ ಮೊದಲೇ ಮಾರಿದ್ದರು. ಕಂಪನಿ ಅವನ್ನು ತನ್ನ ಫೋನಿನ ಗ್ರಾಹಕರಿಗೆ ಪುಕ್ಕಟೆ ಹಂಚಿತು. ಮೂರು ತಿಂಗಳ ಅಂತರದ ಈ ಎರಡು ಮಾರಾಟಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಎರಡರಲ್ಲೂ ಕೇಳುಗನಿಗೆ ಹಾಡು ಪುಕ್ಕಟೆಯೇ. ಒಂದರಲ್ಲಿ ಹಾಡಿನ ಬೆಲೆ ತೆತ್ತದ್ದು ಬಹುರಾಷ್ಟ್ರೀಯ ಕಂಪನಿ, ಇನ್ನೊಂದರಲ್ಲಿ ಕೇಳುಗರೊಳಗಿನ ಒಂದು ಸಣ್ಣ ಬಳಗ. ಐದು ಡಾಲರಿಗೆ ತಮ್ಮದನ್ನು ಮಾರಿದವರು ನೂರು ಡಾಲರಿಗೆ ಇನ್ನೊಬ್ಬರದನ್ನು ಕೊಂಡದ್ದರಲ್ಲಿ, ವ್ಯವಹಾರ ಬಲ್ಲವನೊಬ್ಬ ಇನ್ನೊಬ್ಬ ವ್ಯವಹಾರಸ್ಥನಿಗೆ ಸಲ್ಲಿಸಿದ ಮೆಚ್ಚುಗೆಯನ್ನೇ ನಾನು ಕಾಣುತ್ತೇನೆ.

ಓರಗೆಯವರು ಮತ್ತು ಹಿರಿಯರು

‘ಸ್ವತಂತ್ರ ರ‍್ಯಾಪರ್’ ಎಂಬ ಮಾತು ಕೇಳಲು ಸರಳ, ಬಿಡಿಸಲು ಹೊರಟರೆ ಜಟಿಲ. ಕ್ಯಾಲಿಫೋರ್ನಿಯಾದಲ್ಲಿ ಈ ಪರಂಪರೆ ನಿಪ್ಸಿಗಿಂತ ಒಂದು ತಲೆಮಾರು ಹಳೆಯದು. ಓಕ್ಲಂಡಿನ ಟೂ ಶಾರ್ಟ್ 1980ರ ದಶಕದ ಮೊದಲಲ್ಲಿ ಕಾರಿನ ಡಿಕ್ಕಿಯಿಂದ ಕ್ಯಾಸೆಟ್ ಮಾರಿದವರು. ಹಣ ಕೊಟ್ಟ ಗಿರಾಕಿಯ ಹೆಸರು ಸೇರಿಸಿ ಅವನಿಗಾಗಿಯೇ ಒಂದು ಕ್ಯಾಸೆಟ್ ಮಾಡಿಕೊಡುವ ವ್ಯಾಪಾರವನ್ನೂ ನಡೆಸಿದವರು. ಒಬ್ಬ ಕೇಳುಗನಿಗೆ ಒಂದು ಪ್ರತಿ ಎಂಬ ಆ ಯೋಚನೆ ‘ಕ್ರೆನ್ಷಾ’ ಮಾರಾಟದ ಅಜ್ಜನಂತೆ ಕಾಣುತ್ತದೆ. ವಲೇಹೊದ ಇ-40 ಸ್ವಂತ ಲೇಬಲ್ಲನ್ನು ಮೊದಲು ಗಟ್ಟಿಮಾಡಿಕೊಂಡು ಆಮೇಲೆ ದೊಡ್ಡ ಕಂಪನಿಯೊಡನೆ ಕೂತು ಮಾತಾಡಿದರು. ನ್ಯೂ ಆರ್ಲಿಯನ್ಸ್ ಮೂಲದ ಮಾಸ್ಟರ್ ಪಿ ಕ್ಯಾಲಿಫೋರ್ನಿಯಾದ ರಿಚ್ಮಂಡಿನಲ್ಲಿ ಒಂದು ರೆಕಾರ್ಡ್ ಅಂಗಡಿಯಿಂದ ಆರಂಭಿಸಿ, 1990ರ ದಶಕದ ನಡುವೆ ಪ್ರಯಾರಿಟಿ ಕಂಪನಿಗೆ ವಿತರಣೆಯನ್ನಷ್ಟೇ ಬಿಟ್ಟುಕೊಟ್ಟು ಮಾಸ್ಟರುಗಳನ್ನು ತಮ್ಮಲ್ಲೇ ಉಳಿಸಿಕೊಂಡರು.

ಓರಗೆಯವರಲ್ಲಿ ದಾರಿಗಳು ಇನ್ನಷ್ಟು ಕವಲೊಡೆದವು. ಸಿಯಾಟಲ್‌ನ ಮ್ಯಾಕ್ಲ್‌ಮೋರ್ ಮತ್ತು ರಯಾನ್ ಲೂಯಿಸ್ 2012ರ ಅಕ್ಟೋಬರ್‌ನಲ್ಲಿ ಲೇಬಲ್ಲಿಲ್ಲದೆ ಹೊರತಂದ ‘ದ ಹೈಸ್ಟ್’ 2014ರಲ್ಲಿ ನಾಲ್ಕು ಗ್ರ್ಯಾಮಿಗಳನ್ನು ತಂದಿತು. ಆದರೆ ವಿತರಣೆಗೆ ಅವರು ವಾರ್ನರ್ ಕಂಪನಿಯ ಅಂಗಸಂಸ್ಥೆಯನ್ನು ಬಳಸಿದ್ದರು. ಶಿಕಾಗೋದ ಚಾನ್ಸ್ ದ ರ‍್ಯಾಪರ್ ಹಾಡು ಮಾರುವುದೇ ಇಲ್ಲ ಎಂದು ಹೊರಟು, 2017ರಲ್ಲಿ ಮಾರಾಟಕ್ಕಿಲ್ಲದ ‘ಕಲರಿಂಗ್ ಬುಕ್’ಗೆ ಗ್ರ್ಯಾಮಿ ಪಡೆದರು, ಅದನ್ನು ಎರಡು ವಾರ ತನ್ನಲ್ಲಿ ಮಾತ್ರ ಕೇಳಿಸಲು ಆ್ಯಪಲ್ 5 ಲಕ್ಷ ಡಾಲರ್ ಕೊಟ್ಟಿತ್ತೆಂದು ಆಮೇಲೆ ಅವರೇ ತಿಳಿಸಿದರು. ಇದನ್ನು ಕಪಟವೆನ್ನುವುದು ಅನ್ಯಾಯ. ಆದರೂ ಯಾರ ಹಂಗೂ ಇಲ್ಲ ಎಂಬ ಘೋಷಣೆಗೂ ಲೆಕ್ಕದ ಪುಸ್ತಕಕ್ಕೂ ನಡುವೆ ಅಂತರವಿತ್ತು ಎಂದು ಗುರುತಿಸಲೇಬೇಕು. ಕಾನ್ಸಾಸ್ ಸಿಟಿಯ ಟೆಕ್ ನೈನ್ 1999ರಿಂದ ಟ್ರ್ಯಾವಿಸ್ ಓಗ್ವಿನ್ ಜೊತೆಗೂಡಿ ‘ಸ್ಟ್ರೇಂಜ್ ಮ್ಯೂಸಿಕ್’ ನಡೆಸುತ್ತ, ವರ್ಷದ ಬಹುಭಾಗ ಊರೂರು ತಿರುಗಿ ಕಾರ್ಯಕ್ರಮ ಕೊಟ್ಟು, ಅಲ್ಲಿಯೇ ಬಟ್ಟೆಬರೆ ಮಾರಿ ಸಂಸ್ಥೆ ಕಟ್ಟಿದವರು. ಸ್ವತಂತ್ರ ಎಂಬ ಪದಕ್ಕೆ ಹೆಚ್ಚು ಅರ್ಹರು ಇವರೇ, ಪತ್ರಿಕೆಗಳಲ್ಲಿ ಕಡಿಮೆ ಬರೆಸಿಕೊಂಡವರೂ ಇವರೇ.

ನಿಪ್ಸಿಯ ತೀರ ಹತ್ತಿರದ ಓರಗೆಯವರು ಪಕ್ಕದ ಲೀಮರ್ಟ್ ಪಾರ್ಕಿನ ಡಾಮ್ ಕೆನಡಿ. ‘ಕ್ರೆನ್ಷಾ’ದಲ್ಲಿ ಹಾಡಿದ ಕೆನಡಿ, ಅದು ಬಂದ ಒಂದೇ ವಾರಕ್ಕೆ ತಮ್ಮ ‘ಗೆಟ್ ಹೋಮ್ ಸೇಫ್ಲಿ’ಯನ್ನು ತಮ್ಮದೇ ಲೇಬಲ್ಲಿನಿಂದ ಹೊರತಂದರು. ‘ಫ್ಯೂಚರಿಸ್ಟಿಕ್ಸ್’ ಎಂಬ ನಿರ್ಮಾಪಕ ಜೋಡಿ ಎರಡೂ ಕಡೆ ದುಡಿದಿತ್ತು. ಒಂದೇ ಬಡಾವಣೆಯ ಸ್ಟುಡಿಯೋ, ಒಂದೇ ಬಳಗದ ವಾದ್ಯಗಾರರು, ಕೈಬದಲಾಗುವ ಅತಿಥಿ ಸಾಲುಗಳು: ಕಂಪನಿಯಿಲ್ಲದವರಿಗೆ ಕಂಪನಿಯಾಗಿ ಒದಗಿದ್ದು ಈ ನೆರೆಹೊರೆ. ಹತ್ತಿರದ ಕಾಂಪ್ಟನ್ ನಗರದ ಕೆಂಡ್ರಿಕ್ ಲಮಾರ್ 2011ರಲ್ಲಿ ಟಾಪ್ ಡಾಗ್ ಎಂಟರ್‌ಟೇನ್‌ಮೆಂಟ್ ಎಂಬ ಸ್ವತಂತ್ರ ಲೇಬಲ್ಲಿನಿಂದ ‘ಸೆಕ್ಷನ್.80’ ತಂದು, ಮರುವರ್ಷ ಆ ಲೇಬಲ್ಲಿನ ಜೊತೆಗೇ ಇಂಟರ್‌ಸ್ಕೋಪ್ ಎಂಬ ದೊಡ್ಡ ಕಂಪನಿಯನ್ನು ಸೇರಿ ಜಗತ್ತಿನ ಗಮನ ಸೆಳೆದರು. ನಿಪ್ಸಿ ಈ ಏರಿಕೆಯನ್ನು ತಮ್ಮ ಊರಿನಿಂದಲೇ ನೋಡಿದರು. ಆದರೂ ಅವಸರ ಮಾಡಲಿಲ್ಲ.

ನಂತರದ ಹಾದಿ

2014ರ ಕೊನೆಯ ದಿನ ‘ಮೇಲ್‌ಬಾಕ್ಸ್ ಮನಿ’ ಬಂತು. ಈ ಸಲ ನೂರು ಪ್ರತಿ, ತಲಾ ಸಾವಿರ ಡಾಲರ್. ತಂತ್ರವನ್ನು ಹತ್ತು ಪಟ್ಟು ಹಿಗ್ಗಿಸಿದ್ದರಿಂದ ಹೊಸ ಅರ್ಥವೇನೂ ಹುಟ್ಟಲಿಲ್ಲ ಎಂಬುದು ನನ್ನ ಅಭಿಪ್ರಾಯ. ನೂರು ಡಾಲರನ್ನು ಒಬ್ಬ ಸಾಧಾರಣ ನೌಕರ ಒಂದು ವಾರ ಕೈ ಬಿಗಿಹಿಡಿದು ಉಳಿಸಬಲ್ಲ. ಸಾವಿರ ಡಾಲರ್ ಅಭಿಮಾನಿಯ ಕೈಯಿಂದ ಜಾರಿ ಸಂಗ್ರಾಹಕನ ಕೈಗೆ ಹೋಗುವ ಬೆಲೆ. ಮರುವರ್ಷ ವೂ-ಟ್ಯಾಂಗ್ ಕ್ಲ್ಯಾನ್ ಒಂದೇ ಪ್ರತಿಯ ಆಲ್ಬಂ ಮಾಡಿ ಸುಮಾರು 20 ಲಕ್ಷ ಡಾಲರಿಗೆ ಒಬ್ಬ ಸಿರಿವಂತನಿಗೆ ಮಾರಿದಾಗ, ಆ ದಾರಿಯ ತುದಿಯಲ್ಲಿ ಕೇಳುಗನೇ ಇಲ್ಲ ಎಂಬುದು ಎಲ್ಲರಿಗೂ ಕಂಡಿತು.

ನಿಪ್ಸಿಯ ನಿಜವಾದ ಮುಂದಿನ ಹೆಜ್ಜೆ ಹಾಡಿನಲ್ಲಿರಲಿಲ್ಲ, ನೆಲದಲ್ಲಿತ್ತು. 2017ರ ಜೂನ್‌ನಲ್ಲಿ ಸ್ಲಾಸನ್-ಕ್ರೆನ್ಷಾ ಅಂಗಡಿ ಸಾಲಿನಲ್ಲಿಯೇ ‘ಮ್ಯಾರಥಾನ್ ಕ್ಲೋದಿಂಗ್’ ಮಳಿಗೆ ತೆರೆಯಿತು. ಅಲ್ಲಿನ ಉಡುಪಿನತ್ತ ಫೋನ್ ಹಿಡಿದರೆ ಹೊಸ ಹಾಡು, ವಿಡಿಯೋ ತೆರೆದುಕೊಳ್ಳುವ ವ್ಯವಸ್ಥೆಯನ್ನು ಇದ್ರಿಸ್ ಸಾಂಡು ಎಂಬ ಯುವ ತಂತ್ರಜ್ಞ ರೂಪಿಸಿದ್ದರು. ಹೂಡಿಕೆದಾರ ಡೇವಿಡ್ ಗ್ರಾಸ್ ಜೊತೆಗೂಡಿ ಅದೇ ಪ್ರದೇಶದ ಯುವ ಉದ್ಯಮಿಗಳಿಗಾಗಿ ‘ವೆಕ್ಟರ್ 90’ ಎಂಬ ಕೆಲಸದ ತಾಣ ಆರಂಭಿಸಿದರು. ಮುಂದೆ ಇಬ್ಬರೂ ಸೇರಿ ಆ ಇಡೀ ಅಂಗಡಿ ಸಾಲನ್ನೇ ಕೊಂಡರು. ನಿಂತು ಸಿ.ಡಿ. ಮಾರಿದ ಬಯಲಿಗೆ ಮಾಲೀಕರಾದದ್ದು ಮಾಸ್ಟರ್ ತಮ್ಮಲ್ಲೇ ಇರಬೇಕೆಂಬ ಹಟದ ಇನ್ನೊಂದು ರೂಪ.

2018ರ ಫೆಬ್ರವರಿ 16ರಂದು, ಮೊದಲ ಮಿಕ್ಸ್‌ಟೇಪ್ ಬಂದು ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ, ಚೊಚ್ಚಲ ಆಲ್ಬಂ ‘ವಿಕ್ಟರಿ ಲ್ಯಾಪ್’ ಬಂತು. ಅದನ್ನು ಹೊರತಂದದ್ದು ಆಲ್ ಮನಿ ಇನ್ ಮತ್ತು ಅಟ್ಲಾಂಟಿಕ್ ಕಂಪನಿಗಳ ಪಾಲುದಾರಿಕೆ. ಸ್ವಾತಂತ್ರ್ಯ ಸಾರಿದವರು ಕೊನೆಗೆ ದೊಡ್ಡ ಕಂಪನಿಗೇ ಮರಳಿದರಲ್ಲ ಎಂಬ ಟೀಕೆ ಬರುವುದು ಸಹಜ. ಆದರೆ 2010ರಲ್ಲಿ ಎಪಿಕ್‌ನಿಂದ ಹೊರಬಂದ ಕಲಾವಿದನಿಗೂ 2018ರಲ್ಲಿ ಅಟ್ಲಾಂಟಿಕ್ ಎದುರು ಕುಳಿತವರಿಗೂ ಇದ್ದ ವ್ಯತ್ಯಾಸವೇ ಈ ಪ್ರಕರಣದ ತಿರುಳು. ಎರಡನೆಯ ಸಲ ಅವರ ಬಳಿ ಸ್ವಂತ ಲೇಬಲ್ಲಿತ್ತು, ಹಿಂದಿನ ಧ್ವನಿಮುದ್ರಿಕೆಗಳಿದ್ದವು, ಅಂಗಡಿಯಿತ್ತು, ಪುಕ್ಕಟೆ ಸಿಗುವುದಕ್ಕೂ ಹಣ ಕೊಡುವ ಕೇಳುಗರಿದ್ದಾರೆ ಎಂಬುದಕ್ಕೆ ದಾಖಲೆಯಿತ್ತು. ಕೆಂಡ್ರಿಕ್ ಲಮಾರ್, ವೈಜಿ, ಡಾಮ್ ಕೆನಡಿ ಸೇರಿದಂತೆ ಆ ಪ್ರದೇಶದ ಓರಗೆಯವರು ಹಾಡಿದ ಆ ಆಲ್ಬಂ ಮೊದಲ ವಾರ ಸುಮಾರು 53,000 ಪ್ರತಿಗಳ ಲೆಕ್ಕದೊಡನೆ ಅಮೆರಿಕದ ಜನಪ್ರಿಯ ಆಲ್ಬಮ್ಮುಗಳ ಬಿಲ್‌ಬೋರ್ಡ್ 200 ಪಟ್ಟಿಯ ನಾಲ್ಕನೇ ಸ್ಥಾನ ತಲುಪಿ, ಅತ್ಯುತ್ತಮ ರ‍್ಯಾಪ್ ಆಲ್ಬಂ ವಿಭಾಗದಲ್ಲಿ ಗ್ರ್ಯಾಮಿಗೆ ನಾಮನಿರ್ದೇಶನಗೊಂಡಿತು. ವೈಜಿ ವಿರೋಧಿ ಬ್ಲಡ್ಸ್ ಗುಂಪಿನ ಹಿನ್ನೆಲೆಯವರು ಎಂಬುದನ್ನು ಅರಿತರೆ, ಅವರಿಬ್ಬರ ಒಡನಾಟ ಆ ಊರಿನಲ್ಲಿ ಎಷ್ಟು ದೊಡ್ಡ ಮಾತು ಎಂಬುದು ತಿಳಿಯುತ್ತದೆ.

ಮಿತಿಗಳು

ಈ ಮಾದರಿಯನ್ನು ಯಾರು ಬೇಕಾದರೂ ನಕಲು ಮಾಡಬಹುದು ಎಂಬ ಉತ್ಸಾಹದ ಮಾತುಗಳನ್ನು ನಾನು ನಂಬಲಾರೆ. ಸಾವಿರ ಜನ ನೂರು ಡಾಲರ್ ಕೊಡುವ ಮುಂಚೆ ಎಂಟು ವರ್ಷಗಳ ಹಾಡುಗಾರಿಕೆ ಇತ್ತು, ಅದರಲ್ಲಿ ಬಹುಪಾಲು ಪುಕ್ಕಟೆ. ಆ ಹಾಡುಗಳನ್ನು ಜನರಿಗೆ ಮುಟ್ಟಿಸಿದ್ದರಲ್ಲಿ, ಕೈಕೊಟ್ಟ ದೊಡ್ಡ ಒಪ್ಪಂದದ ಪ್ರಚಾರವೂ ಒಂದಿಷ್ಟು ಇತ್ತು. ರೇಡಿಯೋದಲ್ಲಿ ದಿನವಿಡೀ ಮೊಳಗುವ ಹಾಡು ಆ ವರ್ಷಗಳಲ್ಲಿ ಅವರಿಗೆ ದಕ್ಕಲಿಲ್ಲ. ‘ವಿಕ್ಟರಿ ಲ್ಯಾಪ್’ ಬರುತ್ತದೆ ಎಂಬ ಮಾತು ವರ್ಷಗಟ್ಟಲೆ ಮುಂದಕ್ಕೆ ಹೋಗುತ್ತಲೇ ಇತ್ತು. ಓರಗೆಯವರು ಗ್ರ್ಯಾಮಿ ವೇದಿಕೆ ಹತ್ತುತ್ತಿದ್ದಾಗ ಅವರು ಟೀ ಶರ್ಟಿನ ಅಂಗಡಿ ಕಟ್ಟುತ್ತಿದ್ದರು. ಸ್ವಾತಂತ್ರ್ಯಕ್ಕೆ ತೆತ್ತ ಈ ಕಾಲದ ಬೆಲೆ ಒಂದು ಲಕ್ಷ ಡಾಲರಿನ ಕಥೆಯಲ್ಲಿ ಹೆಚ್ಚಾಗಿ ಮರೆಯಾಗುತ್ತದೆ.

ಊರಿಗೇ ಅಂಟಿಕೊಂಡದ್ದಕ್ಕೂ ಒಂದು ಬೆಲೆಯಿತ್ತು. 2019ರ ಮಾರ್ಚ್ 31ರ ಮಧ್ಯಾಹ್ನ ತಮ್ಮ ಮಳಿಗೆಯ ಮುಂದಿನ ಅದೇ ಬಯಲಿನಲ್ಲಿ ನಿಂತಿದ್ದಾಗ, ಪರಿಚಯದ ವ್ಯಕ್ತಿಯೊಬ್ಬ ಗುಂಡು ಹಾರಿಸಿ ನಿಪ್ಸಿಯನ್ನು ಕೊಂದ. ಅವರಿಗೆ ಆಗ 33 ವರ್ಷ. ಬಡಾವಣೆಯ ಗುಂಪು ಹಿಂಸೆಯನ್ನು ತಗ್ಗಿಸುವ ಬಗ್ಗೆ ನಗರದ ಪೊಲೀಸ್ ಮುಖ್ಯಸ್ಥರೊಡನೆ ಮಾತುಕತೆ ಮರುದಿನಕ್ಕೆ ಗೊತ್ತಾಗಿತ್ತು. ಅಪರಾಧಿಗೆ 2022ರಲ್ಲಿ ದೋಷನಿರ್ಣಯವಾಗಿ ಮರುವರ್ಷ ಕನಿಷ್ಠ 60 ವರ್ಷಗಳ ಸೆರೆವಾಸದ ಶಿಕ್ಷೆಯಾಯಿತು.

ಸಾವಿನ ನಂತರದ ವಾರಗಳಲ್ಲಿ ‘ವಿಕ್ಟರಿ ಲ್ಯಾಪ್’ ಪಟ್ಟಿಯಲ್ಲಿ ಮತ್ತೆ ಏರಿ ಎರಡನೇ ಸ್ಥಾನಕ್ಕೆ ಬಂತು. 2020ರಲ್ಲಿ ಬೇರೆ ಎರಡು ಹಾಡುಗಳಿಗೆ ಗ್ರ್ಯಾಮಿ ಬಂದವು. ಸ್ಲಾಸನ್ ಮತ್ತು ಕ್ರೆನ್ಷಾ ರಸ್ತೆಗಳ ಕೂಡುವೃತ್ತಕ್ಕೆ ನಗರ ಪರಿಷತ್ತು ಅವರ ಹೆಸರಿಟ್ಟಿತು. ಆಸ್ತಿಯ ಆಡಳಿತ ಅಣ್ಣ ಸ್ಯಾಮಿಯಲ್ ಅವರ ಕೈಗೆ ಬಂತು, ಹದಿನೈದು ವರ್ಷಗಳ ಹಿಂದೆ ಆ ಬಯಲಿನಲ್ಲಿ ಪಕ್ಕದಲ್ಲಿ ನಿಂತು ಟೀ ಶರ್ಟ್ ಮಾರುತ್ತಿದ್ದವರ ಕೈಗೆ.